ತನ್ನ ಅರ್ಜಿಗೆ ತಾನೇ ತಕರಾರು

ಮಧುಗಿರಿಯಲ್ಲಿ ನಮ್ಮ ಮೇಷ್ಟ್ರ ಬಗ್ಗೆ ಎರಡು ಕಥೆಗಳು ಓಡಾಡುತ್ತಿವೆ. ಬಸ್ ಸ್ಟ್ಯಾಂಡಿನ ಎದುರಿನ ಕಾಫಿ ಹೋಟೆಲಿನ ಕಥೆಯಲ್ಲಿ ಅವರು ಅರೆಹುಚ್ಚರು: ಸ್ವಂತ ಕಟ್ಟೆಗೆ ಮೀನು ಬಿಡಲು ತಾವೇ ಅರ್ಜಿ ಹಾಕಿ, ಆ ಅರ್ಜಿಗೆ ತಾವೇ ತಕರಾರು ಹಾಕಿ, ಮನೆ ಬಾಗಿಲಿಗೆ ಬಂದ ಅನುಕೂಲವನ್ನು ಒದ್ದವರು. ಕಳೆದ ತಿಂಗಳು ಅವರು ತೀರಿಕೊಂಡ ಮೇಲೆ ಹೈಸ್ಕೂಲಿನಲ್ಲಿ ನಡೆದ ಸಂತಾಪ ಸಭೆಯ ಕಥೆಯಲ್ಲಿ ಅವರು ಮಹಾತ್ಯಾಗಿ: ಕೆಳಗಿನ ಊರಿನವರು ಕುಡಿಯುವ ನೀರು ಕೆಡಬಾರದೆಂದು ತಮ್ಮ ಮನೆಯ ಲಾಭವನ್ನೇ ಬಿಟ್ಟುಕೊಟ್ಟವರು. ಒಂದೇ ಸಂಗತಿಗೆ ಅಲ್ಲಿ ನಗು, ಇಲ್ಲಿ ಹೂವಿನ ಹಾರ.

ಗಮನಿಸಿ, ಈ ಎರಡು ಕಥೆಗಳಿಗೆ ಜಗಳವಿರುವುದು ಹುಚ್ಚೋ ತ್ಯಾಗವೋ ಎಂಬುದರಲ್ಲಿ ಮಾತ್ರ. ನಡೆದದ್ದೇನು ಎಂಬುದರಲ್ಲಿ ಎರಡೂ ಒಂದೇ ಮಾತು ಆಡುತ್ತವೆ: ಮೀನು ಬರದಂತೆ ತಡೆದವರು ಮೇಷ್ಟ್ರು. ನನ್ನ ಆಕ್ಷೇಪಣೆ ಶುರುವಾಗುವುದು ಅಲ್ಲಿಂದಲೇ. ಮೇಷ್ಟ್ರು ತಡೆಯಲಿಲ್ಲ. ತಡೆಯಲು ಹೋಗಿ, ನಾಲ್ಕು ಜನರ ಮುಂದೆ ಸೋತರು. ಅವರಿಗೆ ಎದುರಾಗಿ ವಾದಿಸಿ ಗೆದ್ದವನು ನಾನು. ಆದ್ದರಿಂದ ಈ ವಿಷಯದಲ್ಲಿ ಸಂತಾಪ ಸಭೆಯ ಭಾಷಣಕಾರರಿಗಿಂತ ನನ್ನ ಮಾತಿಗೆ ತುಸು ಹೆಚ್ಚು ತೂಕ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಚರ್ಚಾಕೂಟದಲ್ಲಿ ಯಾರಾದರೂ "ಇಂಥವರು ಹೇಳಿದ್ದಾರೆ" ಎಂದು ಶುರು ಮಾಡಿದರೆ ಅವರು ಕೈಯೆತ್ತಿ ನಿಲ್ಲಿಸುತ್ತಿದ್ದರು. "ಯಾರ್ ಹೇಳಿದ್ರು ಅನ್ನೋದ್ ಬ್ಯಾಡ ಕಣಯ್ಯ. ಹೇಳಿದ್ದು ಸರೀನಾ, ಅಷ್ಟ್ ಹೇಳು." ಹೆಸರಿಗೆ ಹೆದರಿ ಒಪ್ಪಿಕೊಳ್ಳುವ ಹುಡುಗರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳು ಎದುರು ಮಾತಾಡಿದವನ ಕಿವಿ ಹಿಂಡುತ್ತಿದ್ದರು. ಇವರು "ಹೌದು ಸಾರ್" ಅಂದವನ ಕಿವಿ ಹಿಂಡುತ್ತಿದ್ದರು. "ಹೆಂಗ್ ಗೊತ್ತಯ್ಯ?" ಎಂಬುದು ಅವರ ಖಾಯಂ ಮಾತು. ಭೂಮಿ ಗುಂಡಗಿದೆ ಎಂದರೂ ಹೆಂಗ್ ಗೊತ್ತು, ಹೊಟ್ಟೆನೋವು ಸಾರ್ ಎಂದರೂ ಹೆಂಗ್ ಗೊತ್ತು.

ಚರ್ಚೆಗೆ ಯಾವ ಪಕ್ಷ ಎಂದು ಮೊದಲೇ ಹೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ವೇದಿಕೆ ಹತ್ತುವ ಹೊತ್ತಿಗೆ "ನೀನ್ ಪರ, ನೀನ್ ವಿರೋಧ" ಎಂದು ಬೆರಳು ತೋರಿಸುತ್ತಿದ್ದರು. ಗೆದ್ದವನಿಗೆ ಬಹುಮಾನವೇನು ಗೊತ್ತೇ? ಅಲ್ಲೇ ನಿಂತು ತನ್ನ ವಾದವನ್ನು ತಾನೇ ಮುರಿಯುವುದು. ನಾನು ಒಮ್ಮೆ ಪಟ್ಟಣವೇ ಹಳ್ಳಿಗಿಂತ ಮೇಲು ಎಂದು ಗೆದ್ದು, ಚಪ್ಪಾಳೆಯ ಬಿಸಿ ಆರುವ ಮೊದಲೇ ಹಳ್ಳಿಯ ಪರ ಮಾತಾಡಿ ಗೆದ್ದು, ಕೊನೆಗೆ ನನಗೆ ಯಾವುದು ಇಷ್ಟ ಎಂಬುದೇ ಮರೆತುಹೋಗಿ ಮನೆಗೆ ಬಂದಿದ್ದೆ.

ಕೇಳುವಾಗ ಒಂದು ಭಂಗಿ ಇತ್ತು. ಎದುರಿನವನು ಬಾಯಿ ತೆರೆದ ಕೂಡಲೇ ತಲೆಯ ರುಮಾಲನ್ನು ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಳ್ಳುವರು. ತಾವು ಮಾತಾಡುವ ಸರದಿ ಬಂದಾಗ ಮತ್ತೆ ತಲೆಗೆ. ಇದನ್ನು ವಿನಯ ಎಂದು ಸಂತಾಪ ಸಭೆಯಲ್ಲಿ ಒಬ್ಬರು ವ್ಯಾಖ್ಯಾನ ಮಾಡಿದರು. ನನಗೇನೋ ಅದು ಸೆಕೆಯಾಗಿ ಕಂಡಿತ್ತು. ಬೇರೆಯವರ ಮಾತು ಕೇಳುವಾಗ ಅವರ ತಲೆ ಕಾಯುತ್ತಿತ್ತು, ಅಷ್ಟೆ.

ಯುದ್ಧದ ಕಾಲದ ಇದ್ದಿಲು ಬಸ್ಸುಗಳು ನೆನಪಿರಬೇಕಲ್ಲ. ಒಮ್ಮೆ ಅವರ ಜತೆ ತುಮಕೂರಿಗೆ ಹೊರಟಿದ್ದೆ. ಏರಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ಜನ ಡ್ರೈವರನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಮೇಷ್ಟ್ರು ಬಸ್ಸಿನ ಪರ ವಕಾಲತ್ತು ವಹಿಸಿದರು: ಪೆಟ್ರೋಲು ಇಲ್ಲ, ಇದ್ದಿಲು ಹಸಿ, ಮೇಲೆ ನಮ್ಮ ಮೂಟೆಗಳ ಭಾರ, ಅವನಾದರೂ ಏನು ಮಾಡಿಯಾನು? ಡ್ರೈವರನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನೀವೊಬ್ರೇ ನ್ಯಾಯವಂತ್ರು ಬುಡಿ ಸ್ವಾಮಿ" ಎಂದ. ಅಷ್ಟೇ ಸಾಕಾಯಿತು. ಅಲ್ಲಿಂದ ತುಮಕೂರಿನವರೆಗೆ ಮೇಷ್ಟ್ರು ಅವನ ಪಕ್ಕ ಕೂತು ಆ ಬಸ್ಸಿನಲ್ಲಿ ಏನೇನು ಕೆಟ್ಟಿದೆ, ಅದರಲ್ಲಿ ಎಷ್ಟು ಅವನ ತಪ್ಪು ಎಂದು ಬಿಡಿಸಿ ಹೇಳಿದರು.

ಇಂಥ ಮನುಷ್ಯ ಮೀನಿನ ವ್ಯವಹಾರಕ್ಕೆ ಇಳಿದದ್ದು ತಮ್ಮನ ಸಲುವಾಗಿ.

ಅವರ ಊರು ಸಿರಾ ಕಡೆಯದು. ಅಲ್ಲಿ ಅವರ ಮನೆತನಕ್ಕೆ ಸೇರಿದ ಒಂದು ಕಟ್ಟೆ ಇದೆ. ಮದಲೂರು ಕೆರೆಯಂಥ ದೊಡ್ಡ ಸರ್ಕಾರಿ ಕೆರೆಯಲ್ಲ. ಪಾಳೆಯಗಾರರ ಕಾಲದಲ್ಲಿ ಕೋಟೆಯ ಬಾಗಿಲು ಕಾಯುವ ಕೆಲಸಕ್ಕೆ ಹಿರೀಕರಿಗೆ ಇನಾಮಾಗಿ ಬಂದದ್ದು. ಮೇಷ್ಟ್ರು ಓದಿ ಮಧುಗಿರಿ ಸೇರಿದರು; ತಮ್ಮ ಮಾತ್ರ ಕಟ್ಟೆಯ ಕೆಳಗಿನ ಗದ್ದೆ ನೋಡಿಕೊಂಡು ಊರಲ್ಲೇ ಉಳಿದರು. ಗದ್ದೆ ವರ್ಷದಿಂದ ವರ್ಷಕ್ಕೆ ಸೌಳಾಗಿ, ಬಿಳಿ ಉಪ್ಪು ಮೇಲೆದ್ದು, ಭತ್ತ ಹಿಡಿಯದಂತಾಯಿತು. ತಮ್ಮನ ಬಾಮೈದ ಕೋಲಾರದ ಚಿನ್ನದ ಗಣಿಯಲ್ಲಿದ್ದ. ಬಂದು ಸೇರಿಕೋ ಎನ್ನುತ್ತಿದ್ದ. ತಮ್ಮನಿಗೆ ನೆಲದ ಕೆಳಗೆ ಇಳಿಯುವುದೆಂದರೆ ಜೀವ ಹಾರುತ್ತಿತ್ತು. ಬಾವಿಗೆ ಇಳಿಯಲೂ ಹೆದರುವ ಆಳು. ಉಳಿದ ದಾರಿ ಒಂದೇ: ಕಟ್ಟೆಗೆ ಮೀನು ಬಿಟ್ಟು ಬದುಕುವುದು.

ಅಷ್ಟು ಹೊತ್ತಿಗೆ ಸರ್ಕಾರದ ಮೀನಿನ ಇನ್ಸ್‌ಪೆಕ್ಟರೊಬ್ಬರು ಊರೂರು ತಿರುಗುತ್ತಿದ್ದರು. ನೀಲಗಿರಿ ಕಡೆಯಿಂದ ಬಂದ ಒಂದು ಸೀಮೆ ಮೀನು ಇದೆ, ನಿಮ್ಮ ಕೊರಮೀನಿನ ಹಾಗೆ ಬೇರೆ ಮೀನು ತಿನ್ನುವುದಿಲ್ಲ, ಮೊಳದುದ್ದ ಬೆಳೆಯುತ್ತದೆ ಎಂದು ಹೇಳಿ ಎಲ್ಲರ ಬಾಯಲ್ಲೂ ನೀರೂರಿಸಿದರು. ಆದರೆ ಸ್ವಂತ ಕಟ್ಟೆಯಾದರೂ ಹೊರಗಿನ ಮೀನು ಬಿಡಲು ಪರವಾನಗಿ ಬೇಕು ಎಂದರು. "ನಮ್ ಕಟ್ಟೆಗೆ ಮೀನ್ ಬುಡಾಕೆ ಯಾರಪ್ಪನ ಅಪ್ಪಣೆ?" ಎಂದು ತಮ್ಮ ಕೂಗಾಡಿದರು. ಮೇಷ್ಟ್ರು ಸಮಾಧಾನ ಹೇಳಿ, ಇಬ್ಬರ ಹೆಸರಿನಲ್ಲೂ ತಾವೇ ಅರ್ಜಿ ಬರೆದರು. ಇನ್ಸ್‌ಪೆಕ್ಟರು ಖುಷಿಯಾಗಿ ನೋಡಲೆಂದು ಒಂದಷ್ಟು ಮರಿಗಳನ್ನು ಕೊಟ್ಟುಹೋದರು. ಮೇಷ್ಟ್ರು ಅವನ್ನು ತಮ್ಮನ ಹಟ್ಟಿಯ ಕಲ್ಲುಬಾನಿಗೆ ಬಿಟ್ಟರು. ತಳಕ್ಕೆ ಕಟ್ಟೆಯ ಕೆಸರು ಹಾಕಿಸಿದರು. ಪಕ್ಕದ ಬಾನಿಯಲ್ಲಿ ಅದೇ ಕೆಸರು, ಅದೇ ನೀರು, ನಮ್ಮ ಕೊರಮೀನು.

ಅರ್ಜಿ ಬಂದ ಮೇಲೆ ಊರಿನ ತಳವಾರ ತಮಟೆ ಬಡಿದು ಸಾರಬೇಕು: ಯಾರಿಗಾದರೂ ತಕರಾರಿದ್ದರೆ ಸಾಹೇಬರು ಬಂದಾಗ ಹೇಳಿಕೊಳ್ಳಿ ಎಂದು. ಅವತ್ತು ಮೇಷ್ಟ್ರು ಊರಲ್ಲಿದ್ದರು. ನಾವು ಚರ್ಚಾಕೂಟದ ಇಬ್ಬರು ಮೂವರು ಹುಡುಗರು ಅವರ ಜತೆ ಕಟ್ಟೆಯಲ್ಲಿ ಈಜಲು ಹೋಗಿದ್ದೆವು. ತಮಟೆಯ ಹಿಂದೆ ಮೇಷ್ಟ್ರು, ಅವರ ಹಿಂದೆ ನಾವು. ಊರಲ್ಲಿ ಯಾರದೂ ತಕರಾರಿಲ್ಲ, ಎಲ್ಲರಿಗೂ ಮೀನು ತಿನ್ನುವ ಆಸೆ. ತಳವಾರ ಕೋಡಿ ದಾಟಿ, ಹಳ್ಳದ ಗುಂಟ ನಡೆದು, ಒಂದು ಗಡಿಕಲ್ಲಿನ ಹತ್ತಿರ ತಮಟೆ ಹೆಗಲಿಗೇರಿಸಿ ತಿರುಗಿದ.

"ಯಾಕ್ಲಾ ನಿಂತೆ?"

"ಮುಂದಕ್ಕೆ ಬ್ಯಾರೆ ತಾಲೂಕು ಬುದ್ದಿ. ನಂದಲ್ಲ."

"ಕೋಡಿ ನೀರು ಎಲ್ಲಿಗೋಯ್ತದೆ?"

"ಅದೋಯ್ತದೆ, ಕೆಳಗ್ನೂರ್ ಕೆರೆಗೆ. ಅದುಕ್ಕೇನ್ ತಾಲೂಕಾ?"

ಮೇಷ್ಟ್ರು ಗಡಿಕಲ್ಲಿನ ಮೇಲೆ ಕೂತರು. ರುಮಾಲು ಮೊಣಕಾಲಿಗೆ ಬಂತು. ಎದುರಿಗೆ ಯಾರೂ ಮಾತಾಡುತ್ತಿರಲಿಲ್ಲ. ನನಗೆ ಅದು ವಿಚಿತ್ರವಾಗಿ ಕಂಡಿತು. ಕೆಳಗಿನ ಊರಿನ ಬಾವಿಗಳೆಲ್ಲ ಉಪ್ಪುನೀರು. ಅವರು ಕುಡಿಯುವುದು ಆ ಕೆರೆಯ ನೀರನ್ನೇ. ಮೇಲಿನ ಕಟ್ಟೆ ಕೋಡಿ ಬಿದ್ದ ವರ್ಷ ಮೀನೂ ಅದರ ಜತೆ ಇಳಿಯುತ್ತದೆ. ಇಳಿದರೆ ಏನಾಗುತ್ತದೆ? ಬಾನಿಗಳನ್ನು ನೋಡಿದರೆ ಸೂಚನೆ ಸಿಗುತ್ತಿತ್ತು. ಕೊರಮೀನಿನ ಬಾನಿಯಲ್ಲಿ ನೀರು ತಿಳಿ, ತಳದ ಕಲ್ಲು ಎಣಿಸಬಹುದು. ಸೀಮೆ ಮೀನಿನ ಬಾನಿ ಕೆಮ್ಮಣ್ಣಿನ ರಾಡಿ. ಆ ಮೀನು ಹಂದಿಯ ಹಾಗೆ ಮೂತಿ ಇಟ್ಟು ಕೆಸರು ಕೆದಕುತ್ತಲೇ ಇತ್ತು.

ಕಾನೂನಿನ ಪ್ರಕಾರ ಗಡಿಯವರೆಗೆ ಸಾರಿದರೆ ಸಾಕು. ಹಾಗೆಂದು ತಾಲೂಕು ಕಚೇರಿಯ ಗುಮಾಸ್ತರೇ ಹೇಳಿದರು. ಆಗ ಮೇಷ್ಟ್ರು, ತಮಟೆ ಕೇಳದವರ ಪರವಾಗಿ, ಮೀನು ಇಳಿದರೆ ಅವರ ನೀರು ಕುಡಿಯಲಾಗದು ಎಂದು, ತಮ್ಮ ಅರ್ಜಿಗೆ ತಾವೇ ತಕರಾರು ಬರೆದುಕೊಟ್ಟರು.

ಅಂದು ಸಂಜೆ ಹಟ್ಟಿಯಲ್ಲಿ ಆದ ಜಗಳಕ್ಕೆ ನಾನು ಸಾಕ್ಷಿ.

"ಅಣ್ಣಯ್ಯ, ನೀನ್ ನನ್ ಕಡೀಕಿದೀಯಾ, ಅವರ್ ಕಡೀಕಿದೀಯಾ?"

"ಎರಡೂ ಕಡೀಕೂ ಇದೀನಿ ಕಣ್ಲಾ. ನಂಗೆ ಉತ್ರ ಗೊತ್ತಿಲ್ಲ."

"ನಿಂಗೊತ್ತಿಲ್ದಿದ್ರೆ ನಾನ್ ಗಣಿಗಿಳೀಬೇಕಾ?"

ಮೇಷ್ಟ್ರಿಗೆ ಆ ಮಾತು ನಾಟಿತು, ನಾನು ನೋಡಿದೆ. "ಇಳೀಬ್ಯಾಡ. ನನ್ ತಕರಾರ್ನ ಸೋಲ್ಸು. ನಿಂಗೆ ವಕೀಲನ್ನ ನಾನೇ ಕೊಡ್ತೀನಿ" ಎಂದು ನನ್ನ ಕಡೆ ಬೆರಳು ತೋರಿಸಿದರು. "ಇವನು ನನ್ನೇ ಮೂರ್ ಸಲ ಬಾಯಿ ಮುಚ್ಚಿಸಿದಾನೆ."

ತಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮೀಸೆ ಬಂದಿಲ್ವಲ್ಲ ಇದ್ಕೆ" ಎಂದರು. ಆಮೇಲೆ, "ಆಗ್ಲಿ, ನೀನೇ ಆಡಪ್ಪ. ನನಗ್ ಬಾಯ್ ಬರಾಕಿಲ್ಲ" ಎಂದರು.

ಎರಡು ತಾಲೂಕುಗಳ ಮಾತಾದ್ದರಿಂದ ವಿಷಯ ಸಬ್‌ಡಿವಿಜನ್ ಸಾಹೇಬರಿಗೆ ಹೋಯಿತು. ಅವರು ಕಂದಾಯ ಲೆಕ್ಕದ ಜಮಾಬಂದಿಗೆ ಬಂದಾಗ ಕಟ್ಟೆಯ ಏರಿಯ ಮೇಲೆ, ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ವಿಚಾರಣೆ ನಡೆಸಿದರು. ಕೆಳಗಿನ ಊರಿಗೂ ಹೇಳಿಕಳಿಸಿದ್ದರಿಂದ ಅಲ್ಲಿನ ಗಂಡಸರು ಬಂದಿದ್ದರು. ಸಾಹೇಬರು ಕಾಗದ ನೋಡಿ, ಮೇಷ್ಟ್ರನ್ನು ನೋಡಿ, ಮತ್ತೆ ಕಾಗದ ನೋಡಿದರು.

"ಅರ್ಜಿದಾರರೂ ನೀವೇ, ತಕರಾರುದಾರರೂ ನೀವೇ. ನಾನು ಈಗ ಯಾರ ಹತ್ತಿರ ಮಾತಾಡುತ್ತಿದ್ದೇನೆ?"

"ರುಮಾಲಿದ್ರೆ ತಕರಾರುದಾರ ಸ್ವಾಮಿ. ತೆಗೆದ್ರೆ ಅರ್ಜಿದಾರ" ಎಂದರು ಮೇಷ್ಟ್ರು. ಸಾಹೇಬರು ನಕ್ಕರು. ನಕ್ಕ ಮೇಲೆ ಹುಡುಗನೊಬ್ಬ ತಮ್ಮನ ಪರ ಮಾತಾಡಲು ಒಪ್ಪಿಗೆ ಕೊಡದೆ ಇರಲು ಅವರಿಗೂ ಆಗಲಿಲ್ಲ.

ನನ್ನ ವಾದ ಈಗಲೂ ಚೆನ್ನಾಗಿತ್ತು ಎಂದೇ ಅನಿಸುತ್ತದೆ. ಬಾನಿಗೂ ಕೆರೆಗೂ ಏನು ಹೋಲಿಕೆ? ಬಾನಿಯಲ್ಲಿ ಮೀನಿಗೆ ಬೇರೆಲ್ಲೂ ಜಾಗವಿಲ್ಲ, ಆದ್ದರಿಂದ ಒಂದೇ ಕೆಸರನ್ನು ಕೆದಕುತ್ತದೆ. ಕೋಡಿಗೆ ಬಿದಿರಿನ ತಡಿಕೆ ಕಟ್ಟಿದರೆ ಮೀನು ಇಳಿಯುವುದು ಹೇಗೆ? ಇಳಿದರೂ ರಾಡಿ ನೀರಿಗೆ ಚಿಲ್ಲದ ಬೀಜ ತೇದು ಹಾಕಿ ತಿಳಿ ಮಾಡಿಕೊಳ್ಳುವುದು ಈ ಸೀಮೆಗೆ ಹೊಸದೇ? ಮೇಷ್ಟ್ರು ರುಮಾಲು ತೆಗೆದು, ಮೊಣಕಾಲಿನ ಮೇಲಿಟ್ಟು, ಹಬ್ಬದ ಊಟ ಬಡಿಸಿಕೊಂಡವರಂತೆ ಕೇಳುತ್ತಿದ್ದರು. ಆಮೇಲೆ ಎದ್ದು, ತಡಿಕೆ ಕೊಚ್ಚಿಹೋದರೆ ಜವಾಬ್ದಾರಿ ಯಾರದು, ಒಮ್ಮೆ ಇಳಿದ ಮೀನನ್ನು ವಾಪಸ್ ಹತ್ತಿಸುವ ಕಾನೂನು ಯಾವುದು ಎಂದು ಕೇಳಿ ನನಗೆ ಚೆನ್ನಾಗಿಯೇ ಬೆವರಿಳಿಸಿದರು.

ಸಾಹೇಬರು ಕೆಳಗಿನ ಊರಿನವರ ಕಡೆ ತಿರುಗಿದರು. ಅವರ ಮುಂದಾಳು ಕೈಮುಗಿದು, "ನಮ್ದೇನ್ ತಕರಾರಿಲ್ಲ ಬುದ್ದಿ. ಮೀನ್ ಬಂದ್ರೆ ತಿಂತೀವಿ. ಬ್ಯಾಡ ಅಂತೀವಾ?" ಎಂದ. ಯಾರಿಗಾಗಿ ತಕರಾರು ಹಾಕಿದ್ದರೋ ಅವರೇ ಕೈಕೊಟ್ಟರು. ಮಹಾತ್ಯಾಗದ ಕಥೆ ಹೇಳುವವರು ಈ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ.

ಆಗ ಗಂಡಸರ ಹಿಂದಿನಿಂದ ಒಂದು ದನಿ ಬಂತು. "ತಿನ್ನೋರ್ ನೀವು. ನೀರ್ ಹೊರೋರ್ ಯಾರ್ಲಾ?" ಕೆಳಗಿನ ಊರಿನ ಸಣ್ಣೀರಮ್ಮ ಎಂಬ ಹೆಂಗಸು, ಕಂಕುಳಲ್ಲಿ ಖಾಲಿ ಬಿಂದಿಗೆ, ದಾರಿಯಲ್ಲಿ ಹೋಗುತ್ತಿದ್ದವಳು ಏರಿ ಹತ್ತಿ ಬಂದಿದ್ದಳು. ನನ್ನ ಕಡೆ ತಿರುಗಿ, "ಚಿಲ್ಲದ್ ಬೀಜ ತೇಯಾಕೆ ದಿನಾ ನೀ ಬತ್ತೀಯಾ ಮಗಾ?" ಎಂದಳು. ಎಲ್ಲರೂ ಗೊಳ್ಳೆಂದರು. ನನಗೆ ಚರ್ಚಾಕೂಟದಲ್ಲಿ ಇಂಥ ಪ್ರಶ್ನೆಯ ಅಭ್ಯಾಸವಾಗಿರಲಿಲ್ಲ.

ಆದರೆ ಅವಳು ಮೇಷ್ಟ್ರನ್ನೂ ಬಿಡಲಿಲ್ಲ. "ಎಲ್ಲೈತೆ ಆ ಕೆಂಪ್ ನೀರು, ತರ್ಸಿ ನೋಡಾನ" ಎಂದಳು. ಹಟ್ಟಿಯಿಂದ ಚೊಂಬಿನಲ್ಲಿ ಬಾನಿಯ ನೀರು ಬಂತು. ಮೂಸಿದಳು. "ಮೇಷ್ಟ್ರಪ್ಪಾ, ಕುಡಿಯಾಕಾಗಾಕಿಲ್ಲ ಅಂತ ತಕರಾರ್ನಲ್ಲಿ ಬರ್ದಿದೀರಂತಲ್ಲ. ನೀವ್ ಕುಡಿದ್ ನೋಡಿದ್ರಾ?"

ಮೇಷ್ಟ್ರು ಆಕೆಯನ್ನು ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ತಮ್ಮ ಜೀವಮಾನದ ಪ್ರಶ್ನೆಯನ್ನು ಬೇರೆ ಯಾರೋ ತಮಗೇ ಕೇಳಿದರಲ್ಲ ಎಂಬ ಸಂತೋಷ. "ಇಲ್ಲ ಕಣಮ್ಮ. ಹೊಳೀಲೇ ಇಲ್ಲ ನಂಗೆ."

ಚೊಂಬು ತೆಗೆದುಕೊಂಡು, ಕಣ್ಣು ಮುಚ್ಚದೆ, ಪೂರ್ತಿ ಕುಡಿದರು. ಅವರು ಮೊದಲು ಕಟ್ಟೆಯನ್ನು ನೋಡಿದರು, ಆಮೇಲೆ ತಮ್ಮನನ್ನು ನೋಡಿದರು. ತಮ್ಮ ಹೊಂಗೆ ಮರಕ್ಕೆ ಒರಗಿ ನಿಂತಿದ್ದರು. ಮೇಷ್ಟ್ರು ಬಾಯಿ ಒರೆಸಿಕೊಂಡರು.

"ಕುಡೀಬೌದು ಸ್ವಾಮಿ" ಎಂದರು. "ಮಣ್ಣಿನ್ ರುಚಿ ಐತೆ, ಆದ್ರೆ ಕುಡೀಬೌದು. ನನ್ ತಕರಾರು ಬಿತ್ತು."

ಸಾಹೇಬರು ಗುಮಾಸ್ತರಿಗೆ ಪರವಾನಗಿ ಬರೆಯಲು ಹೇಳಿದರು. ಇನ್ಸ್‌ಪೆಕ್ಟರು ನನ್ನ ಬೆನ್ನು ತಟ್ಟಿದರು. ನಾನು ಗೆದ್ದಿದ್ದೆ. ಗುಮಾಸ್ತರು ಲೇಖನಿ ಅದ್ದುವಷ್ಟರಲ್ಲಿ ಮರದ ಹತ್ತಿರದಿಂದ ತಮ್ಮ ಮಾತಾಡಿದರು.

"ಬರೀಬ್ಯಾಡಿ ಸ್ವಾಮಿ. ನಂಗೆ ಮೀನ್ ಬ್ಯಾಡ."

ಸಾಹೇಬರು ಏಕೆಂದು ಕೇಳಿದರು. "ಬ್ಯಾಡ ಅಂದ್ರೆ ಬ್ಯಾಡ ಸ್ವಾಮಿ" ಎಂಬುದಷ್ಟೇ ಉತ್ತರ. ಆ ಬೇಸಿಗೆ ಮುಗಿಯುವ ಮೊದಲು ಅವರು ಕೋಲಾರಕ್ಕೆ ಹೋದರು. ಇನ್ಸ್‌ಪೆಕ್ಟರು ತಮ್ಮ ಮರಿಗಳನ್ನು ಡಬ್ಬಿಗೆ ತುಂಬಿಕೊಂಡು ಮುಖ ಸಿಂಡರಿಸಿ ಹೊರಟರು.

ಇದು ನಡೆದದ್ದು. ಹಾಗಾದರೆ ಮೀನು ನಿಲ್ಲಿಸಿದವರು ಯಾರು? ಮೇಷ್ಟ್ರಲ್ಲ. ಎಲ್ಲವನ್ನೂ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದು, ಎಲ್ಲವೂ ಕೈಗೆ ಬಂದ ಗಳಿಗೆಯಲ್ಲಿ ಬೇಡವೆಂದ ತಮ್ಮ. ಅವರ ಬಗ್ಗೆ ಕಾಫಿ ಹೋಟೆಲಿನಲ್ಲೂ ಕಥೆಯಿಲ್ಲ, ಸಂತಾಪ ಸಭೆಯಲ್ಲೂ ಮಾತಿಲ್ಲ.

ನನಗೆ ಇದಕ್ಕಿಂತ ದೊಡ್ಡ ಆಶ್ಚರ್ಯ ಬೇರೆ. ಹೊಟ್ಟೆನೋವಿಗೂ ಹೆಂಗ್ ಗೊತ್ತು ಎನ್ನುತ್ತಿದ್ದ ಮನುಷ್ಯ, ಅಂದು ತಮ್ಮನನ್ನು ಯಾಕೆ ಎಂದು ಕೇಳಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಮೈಸೂರಿಗೆ ಓದಲು ಹೋಗುವ ಮುಂಚೆ ಒಂದು ದಿನ ಖಾಲಿ ತರಗತಿಯಲ್ಲಿ ನಾನೇ ಎತ್ತಿದೆ: ನಿಮ್ಮ ತಮ್ಮ ಯಾಕೆ ಹಾಗೆ ಮಾಡಿದರು?

"ಅದು ಅವನ್ ಪಕ್ಷ. ಅವನ್ನೇ ಕೇಳು."

"ನೀವು ಕೇಳಲಿಲ್ಲವೇ?"

ಅವರು ತಿರುಗಿ ಬೋರ್ಡು ಒರೆಸತೊಡಗಿದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಒಂದು ಸಂಗತಿ ಹೇಳಿಲ್ಲ. ವಿಚಾರಣೆಯ ದಿನ ಎಲ್ಲರೂ ಚದುರಿದ ಮೇಲೆ ನಾನು ಹಟ್ಟಿಗೆ ಹೋಗಿ ಆ ಬಾನಿಯಿಂದ ಒಂದು ಬೊಗಸೆ ನೀರು ಎತ್ತಿ ಬಾಯಿಗೆ ಹಾಕಿಕೊಂಡೆ. ಕೊಳೆತ ಕೆಸರಿನ ನಾತ. ನುಂಗಲಾಗದೆ ಉಗಿದೆ. ಇದು ಸಾಕ್ಷ್ಯವಲ್ಲ, ಒಪ್ಪುತ್ತೇನೆ. ನನ್ನದು ಪೇಟೆಯ ನಾಲಿಗೆ. ಅವರದು ಕಟ್ಟೆಯ ನೀರು ಕುಡಿದು ಬೆಳೆದ ನಾಲಿಗೆ. ಒಬ್ಬನಿಗೆ ಆಗದ್ದು ಇನ್ನೊಬ್ಬನಿಗೆ ಆಗಬಹುದು. ಆದರೆ ಹೀಗೆ ಸಮಾಧಾನ ಹೇಳಿಕೊಂಡಾಗಲೆಲ್ಲ, ಚೊಂಬು ಇಳಿಸಿ ಅವರು ತಮ್ಮನನ್ನು ನೋಡಿದ್ದು ಕಣ್ಣಿಗೆ ಬರುತ್ತದೆ. ಆ ಊರಿನಲ್ಲಿ ಅವರ ನಾಲಿಗೆಯಷ್ಟೇ ಚೆನ್ನಾಗಿ ಆ ಕಟ್ಟೆಯ ನೀರು ಬಲ್ಲ ಇನ್ನೊಂದು ನಾಲಿಗೆ ಇತ್ತಲ್ಲ.

ತಿಥಿಗೆ ತಮ್ಮ ಕೋಲಾರದಿಂದ ಬಂದಿದ್ದರು. ಮೈ ಇಳಿದಿದೆ. ನಾಲ್ಕು ಮಾತಿಗೊಮ್ಮೆ ಕೆಮ್ಮುತ್ತಾರೆ. ಊಟ ಮುಗಿದ ಮೇಲೆ ಒಬ್ಬರೇ ಏರಿಯ ಮೇಲೆ ನಿಂತಿದ್ದರು. ನಾನೂ ಹೋಗಿ ನಿಂತೆ. ಗುರುತು ಹಿಡಿದು, "ಲಾಯರಪ್ಪ, ಮೀಸೆ ಬಂತಾ?" ಎಂದು ನಕ್ಕರು. ನಗು ಕೆಮ್ಮಾಯಿತು. ಮಳೆಯ ಮಾತಾಡಿದೆವು, ಗಣಿಯ ಸೆಕೆಯ ಮಾತಾಡಿದೆವು. ಅಲ್ಲಿ ಕೆಳಗೆ ಇಳಿಯುವಾಗ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾರಂತೆ. ಅವತ್ತು ಯಾಕೆ ಬೇಡ ಅಂದಿರಿ ಎಂದು ಕೇಳಿದೆ. ಅವರು ನೀರಿನ ಕಡೆ ನೋಡುತ್ತ ನಿಂತರು. ನಾನು ಕೇಳುವ ರೀತಿ ತಪ್ಪಾಗಿರಬೇಕು ಎಂದುಕೊಂಡು, ಕೇಳಬೇಕಾದದ್ದನ್ನೇ ಕೇಳಿದೆ:

"ಗೌಡ್ರೇ, ಮೇಷ್ಟ್ರು ಆ ನೀರು ಕುಡೀಬಹುದು ಅಂದ್ರಲ್ಲ, ಅದು ನಿಮಗೋಸ್ಕರ ಆಡಿದ ಸುಳ್ಳು ಅಂತ ನಿಮಗೆ ಆಗಲೇ ಗೊತ್ತಾಯ್ತಾ?"